ನಡುವೆ ಬಂದ ಹಸಿರು

ಅವಳಿಗೊಂದು ಹೆಸರಿತ್ತು. ಅಂಚೆಯವನನ್ನು ಬಿಟ್ಟರೆ ಅದನ್ನು ಬಳಸುವವರು ಯಾರೂ ಇರಲಿಲ್ಲ. ಬೀದಿಗೆಲ್ಲ ಅವಳು ಅಕ್ಷರದಕ್ಕ. ಅತ್ತೆಗೆ ಮಾತ್ರ, ನಲವತ್ತು ದಾಟಿದ ಮೇಲೂ, ‘ಹುಡುಗಿ’.

ಗಾಜಿನ ಬಾಟಲಿ ಮಾಡುವ ಕಾರ್ಖಾನೆಯ ಹಿಂಬದಿಗೆ ಕಾರ್ಮಿಕರಿಗೆಂದು ಕಟ್ಟಿಸಿದ ಮನೆಗಳ ಸಾಲಿತ್ತು. ಅದರಲ್ಲಿ ಕೊನೆಯದು ಅವರದು. ಎರಡು ಕೋಣೆ, ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದಂಥ ಅಡುಗೆಮನೆ. ಕಿಟಕಿ ತೆರೆದರೆ ಕಾಂಪೌಂಡಿನ ಆಚೆ, ಮತ್ತೆ ಕರಗಿಸಲೆಂದು ಸುರಿದ ಒಡೆದ ಬಾಟಲಿಗಳ ಗುಡ್ಡ. ಕುಲುಮೆಯ ಗುಂಯ್ ಸದ್ದು ಎಷ್ಟು ಹೊಕ್ಕುಹೋಗಿತ್ತೆಂದರೆ, ಅದು ನಿಂತಾಗಲೇ ಸಾಲಿನವರಿಗೆ ಎಚ್ಚರವಾಗುತ್ತಿತ್ತು.

ಗಂಡ ಅಚ್ಚು ವಿಭಾಗದಲ್ಲಿ ಫಿಟ್ಟರ್. ಜನ ಕರೆಯುತ್ತಿದ್ದುದೂ ಹಾಗೇ. ಬಾಟಲಿ ಆಕಾರ ಪಡೆಯುವ ಕಬ್ಬಿಣದ ಅಚ್ಚುಗಳನ್ನು ಇಳಿಸುವುದು, ಹೊಸದನ್ನು ಕೂರಿಸುವುದು ಅವನ ಕೆಲಸ. ಮಾತು ಕಡಿಮೆ. ಆಡಿದರೆ ನಗಿಸುತ್ತಿದ್ದ, ತಾನು ಮಾತ್ರ ನಗುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಹಾಗಾಗಿ ಅವನು ಕೆಲಸಕ್ಕೆ ಹೋದ ಮೇಲೆ ಅತ್ತೆಗೂ ಸೊಸೆಗೂ ಹಗಲು ಬಹಳ ಉದ್ದವಾಗುತ್ತಿತ್ತು. ಆ ಉದ್ದವನ್ನು ಅತ್ತೆ ಬೈಗುಳದಿಂದ ತುಂಬಿಸುತ್ತಿದ್ದಳು.

ಕಾರ್ಖಾನೆಯ ಆಫೀಸಿನವರು ಹಳೆಯ ಕಂಪ್ಯೂಟರ್‌ಗಳನ್ನು ತೆಗೆದುಹಾಕಿದಾಗ ಫಿಟ್ಟರ್ ಒಂದನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ತಂದ.

“ಟಿವಿ ತಾ ಅಂದ್ರೆ ಇದ್ಯಾವುದೋ ಕುರುಡು ಡಬ್ಬ ತಂದಿದೀಯಲ್ಲೋ,” ಅಂದಳು ಅತ್ತೆ.

ಅವನು ಹೆಂಡತಿಯ ಕಡೆ ನೋಡಿ, “ನೀನು ಕೂತು ಏನಾದ್ರೂ ಒತ್ತುತ್ತಿರು. ಕೆಟ್ರೆ ಬಿಚ್ಚೋಕೆ ನಾನಿದೀನಿ,” ಅಂದ.

ಅದರೊಳಗೆ ಚಿತ್ರ ಬರೆಯುವ ಒಂದು ಪ್ರೋಗ್ರಾಂ ಇತ್ತು. ಬಾಟಲಿಯ ಲೇಬಲ್ ಮಾಡುತ್ತಿದ್ದವರು ಯಾರೋ ಬಿಟ್ಟುಹೋದದ್ದು. ಮೊದಲ ವಾರ ಅವಳು ಗೆರೆ ಎಳೆದಳು, ಅಳಿಸಿದಳು. ಆಮೇಲೆ ಅಕ್ಷರ ಹಾಕುವುದು ತಿಳಿಯಿತು. ಒಂದು ಮಧ್ಯಾಹ್ನ ಯಾವುದೋ ಗುಂಡಿ ಒತ್ತಿ, ಅಕ್ಷರದ ಮೇಲಿಂದ ಕೆಳಕ್ಕೆ ಮೌಸನ್ನು ಎಳೆದು ಬಿಟ್ಟಾಗ, ಕೆಂಪು ಅಕ್ಷರ ಕೆಳಗೆ ಹೋಗ್ತಾ ಹೋಗ್ತಾ ಹಳದಿಯಾಯಿತು. ಎಲ್ಲಿ ಕೆಂಪು ಮುಗಿಯಿತು, ಎಲ್ಲಿ ಹಳದಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗುತ್ತಿರಲಿಲ್ಲ. ಅವಳು ಒಲೆಯ ಮೇಲೆ ಇಟ್ಟದ್ದನ್ನು ಮರೆತಳು. ಪಾತ್ರೆ ಸೀದು ಮನೆಯೆಲ್ಲ ಹೊಗೆಯಾದಾಗ ಅತ್ತೆ ಬಂದು ಪರದೆಯನ್ನು ನೋಡಿ, “ಅಕ್ಷರಕ್ಕೆ ಜ್ವರ ಬಂದಿದೆಯೇನೆ?” ಅಂದಳು.

ಶಾಲೆಯಲ್ಲಿದ್ದಾಗ ಕರಿಹಲಗೆಯ ಮೇಲೆ ಸುದ್ದಿ ಬರೆಯುವ ಕೆಲಸ ಅವಳದಾಗಿತ್ತು. ಎರಡು ಬಣ್ಣದ ಸೀಮೆಸುಣ್ಣವನ್ನು ಹೆಬ್ಬೆರಳಿನಿಂದ ತೀಡಿ ಒಂದರೊಳಗೊಂದು ಸೇರಿಸುತ್ತಿದ್ದಳು. ಮದುವೆಯಾದ ಮೇಲೆ ಅದೆಲ್ಲ ಮರೆತೇಹೋಗಿತ್ತು. ಈಗ ಹೆಬ್ಬೆರಳು ಮಾಡುತ್ತಿದ್ದುದನ್ನು ಈ ಡಬ್ಬ ಮಾಡುತ್ತಿತ್ತು, ಅದೂ ಕೈ ಕೊಳೆಯಾಗದೆ.

ಇದಕ್ಕೆ ಗ್ರೇಡಿಯೆಂಟ್ ಅನ್ನುತ್ತಾರೆ ಎಂದು ಹೇಳಿಕೊಟ್ಟವನು ಪ್ರೆಸ್ಸಿನ ಯಜಮಾನ. ಮಾರುಕಟ್ಟೆಯ ಮೂಲೆಯಲ್ಲಿ ಅವನದೊಂದು ಮುದ್ರಣದಂಗಡಿ. ಅವಳು ಮಾಡಿದ ಒಂದು ಹೆಸರಿನ ಕಾಗದವನ್ನು ಫಿಟ್ಟರ್ ಅವನಿಗೆ ತೋರಿಸಿದ. ಅವನು ಕನ್ನಡಕವನ್ನು ಹಣೆಗೇರಿಸಿ ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿ, “ಇದನ್ನು ಮಾಡಿದ್ದು ಯಾರು? ನಮ್ಮ ಹುಡುಗರು ಮಾಡಿದ್ರೆ ಪಟ್ಟಾಪಟ್ಟಿ ಚಡ್ಡಿ ಥರ ಕಾಣುತ್ತೆ,” ಅಂದ. ಅಂದಿನಿಂದ ತಲೆಬರಹದ ಕೆಲಸವೆಲ್ಲ ಅವಳ ಮನೆಗೆ ಬರತೊಡಗಿತು. ಔಷಧಿ ಅಂಗಡಿ, ಟೈಲರ್ ಅಂಗಡಿ, ಶಾಲೆಯ ವಾರ್ಷಿಕೋತ್ಸವ, ಹೊಸ ಬೇಕರಿ.

ಅದರಲ್ಲಿ ಅವಳಿಗೆ ಅವಳದೇ ಆದ ಪೇಚಾಟಗಳಿದ್ದವು. ಇಡೀ ಸಾಲಿಗೆ ಒಟ್ಟಿಗೆ ಬಣ್ಣ ಎಳೆದರೆ ಒತ್ತಕ್ಷರಗಳೆಲ್ಲ ಕೆಳಗೆ ಇಳಿದಿರುವುದರಿಂದ ಅವುಗಳಿಗೆ ಕೆಳಗಿನ ಬಣ್ಣ ಮಾತ್ರ ಸಿಗುತ್ತಿತ್ತು. ತಾಯಿ ಕೆಂಪು, ಕೂಸು ನೀಲಿ. ಒಂದೊಂದೇ ಅಕ್ಷರಕ್ಕೆ ಎಳೆದರೆ ಸಾಲು ಕುಣಿಯುತ್ತಿತ್ತು. ಎಳೆಯುವ ಗೆರೆ ಉದ್ದವಾದಷ್ಟೂ ಬಣ್ಣ ನಿಧಾನವಾಗಿ ಕರಗುತ್ತಿತ್ತು, ಗಿಡ್ಡವಾದರೆ ಕತ್ತರಿಸಿದಂತೆ ಕಾಣುತ್ತಿತ್ತು. ಅವಳು ಗಂಟೆಗಟ್ಟಲೆ ಕೂತು ಒತ್ತುಗಳನ್ನು ಬಿಡಿಸಿ ಅವಕ್ಕೆ ಬೇರೆಯಾಗಿ ಬಣ್ಣ ಕೊಟ್ಟು, ಮತ್ತೆ ಜಾಗಕ್ಕೆ ಕೂರಿಸುತ್ತಿದ್ದಳು. ನೋಡುವವರಿಗೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ. ಚೆನ್ನಾಗಿದೆ ಅನ್ನುತ್ತಿದ್ದರು, ಅಷ್ಟೆ. ಅವಳಿಗೆ ಅಷ್ಟೇ ಸಾಕಾಗಿತ್ತು. ಅವಳ ಬದುಕಿನಲ್ಲಿ ಅದು ಒಳ್ಳೆಯ ಕಾಲ.

ಕಾರ್ಮಿಕ ಸಂಘಕ್ಕೆ ಚುನಾವಣೆ ಬಂತು. ಸಂಘದಲ್ಲಿ ಎರಡು ಬಣ. ಹಲವು ವರ್ಷಗಳಿಂದ ಅಧ್ಯಕ್ಷನಾಗಿದ್ದವನ ಬಾವುಟ ಹಳದಿ ಮತ್ತು ತಿಳಿನೀಲಿ. ಅವನನ್ನು ಇಳಿಸಬೇಕೆಂದಿದ್ದವರದು ಹಸಿರು. ಫಿಟ್ಟರ್ ಅಧ್ಯಕ್ಷನ ಬಣದವನು. ಹಾಗೆಂದು ಘೋಷಣೆ ಕೂಗುವವನಲ್ಲ. “ಒಂದು ಒತ್ತು ಬಿಟ್ರೆ ಬಣ್ಣ ಅನ್ನೋದು ಬಣ ಆಗುತ್ತೆ ನೋಡು,” ಅಂತ ಹೆಂಡತಿಯನ್ನು ಕಾಡಿಸಿದ್ದ. ಕಾರ್ಖಾನೆಯ ಗೇಟಿಗೆ ಹಾಕುವ ದೊಡ್ಡ ಫ್ಲೆಕ್ಸಿಗೆ ಅಕ್ಷರ ಅವಳೇ ಮಾಡಬೇಕು ಎಂದು ಅಧ್ಯಕ್ಷನೇ ಹೇಳಿ ಕಳಿಸಿದ. ಅವನ ಹೆಸರು ಮಾತ್ರ ಸಾಕು, ಬೇರೇನೂ ಬೇಡ, ರಸ್ತೆಯ ಆ ತುದಿಯಿಂದ ಕಾಣಬೇಕು.

ಅವಳು ಮೇಲೆ ಹಳದಿ ಇಟ್ಟು ಕೆಳಗೆ ತಿಳಿನೀಲಿ ಇಟ್ಟು ಎಳೆದಳು. ಬಣ್ಣ ಅಷ್ಟು ಚೆಂದವಾಗಿ ಕರಗಿದ್ದು ಅವಳಿಗೆ ನೆನಪಿರಲಿಲ್ಲ. ಹಳದಿಯು ನೀಲಿಯನ್ನು ಮುಟ್ಟುವ ಕಡೆ ಎಳೆಯ ಎಲೆಯ ಹಾಗೆ ಒಂದು ಬಣ್ಣ ಹುಟ್ಟಿತ್ತು. ಆ ಸಣ್ಣ ಪರದೆಯಲ್ಲಿ ಅದು ನೂಲಿನೆಳೆಯಷ್ಟು. ಅವಳು ಅದನ್ನು ನೋಡಿದಳು. ಅಲ್ಲೇ ಅಕ್ಷರಕ್ಕೆ ಜೀವ ಬಂದಿದೆ ಅನ್ನಿಸಿತು. ಚುನಾವಣೆ, ಬಾವುಟ ಯಾವುದೂ ಆ ಹೊತ್ತಿನಲ್ಲಿ ಅವಳ ತಲೆಯಲ್ಲಿರಲಿಲ್ಲ. ಹೆಸರಿನಲ್ಲಿದ್ದ ಒಂದು ಒತ್ತು ಹಠ ಮಾಡುತ್ತಿತ್ತು, ಅದನ್ನು ದಾರಿಗೆ ತರುವುದರಲ್ಲೇ ಮುಳುಗಿದ್ದಳು.

ಫ್ಲೆಕ್ಸ್ ಅಚ್ಚಾಗಿ ಬಂತು. ಒಂದೊಂದು ಅಕ್ಷರವೂ ಆಳೆತ್ತರ. ಹುಡುಗರು ರಾತ್ರಿ ಪಾಳಿ ಬಿಡುವ ಹೊತ್ತಿಗೆ ಅದನ್ನು ಗೇಟಿನ ಮೇಲೆ ಕಟ್ಟಿ ಕೆಳಗಿಳಿದು ತಲೆಯೆತ್ತಿದರು. ಪರದೆಯಲ್ಲಿ ನೂಲಿನೆಳೆಯಷ್ಟಿದ್ದದ್ದು ಇಲ್ಲಿ ಮೊಳದಗಲ ಆಗಿತ್ತು. ಅಧ್ಯಕ್ಷನ ಹೆಸರಿನ ಈ ತುದಿಯಿಂದ ಆ ತುದಿಯವರೆಗೆ, ನಟ್ಟನಡುವೆ, ಹೊಳೆಯುವ ಹಸಿರು ಪಟ್ಟಿ.

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಪಾಳಿ ಮುಗಿಸಿ ಬಂದವರು ಗೇಟಿನಲ್ಲೇ ನಿಂತುಬಿಟ್ಟರು.

“ನೋಡ್ರೋ, ನಿಮ್ಮ ಅಧ್ಯಕ್ಷರ ಹೊಟ್ಟೇಲಿ ನಮ್ಮ ಬಣ್ಣ!”

“ಹೊರಗೆ ಹಳದಿ, ಒಳಗೆ ಹಸಿರು. ಮಾವಿನಕಾಯಿನ ಉಲ್ಟಾ ಮಾಡಿಟ್ಟಿದಾರೆ!”

ಮಧ್ಯಾಹ್ನದ ಹೊತ್ತಿಗೆ ಫ್ಲೆಕ್ಸ್ ಇಳಿಯಿತು. ಅಷ್ಟರಲ್ಲಿ ಅದು ಎಲ್ಲರ ಫೋನಿನೊಳಗೆ ಹೊಕ್ಕಿತ್ತು. ಅಧ್ಯಕ್ಷ ಒಳಗಿಂದೊಳಗೆ ಹಸಿರಿನವರ ಜೊತೆ ರಾಜಿಯಾಗಿದ್ದಾನೆ ಎಂಬ ಗಾಳಿಮಾತು ಮೊದಲೇ ಇತ್ತು. ಈಗ ಜನ ಅದನ್ನು ಗೇಟಿನ ಮೇಲೇ ಓದಿಬಿಟ್ಟಿದ್ದರು.

ಅಂದು ಸಂಜೆಯೇ ಅವಳು ಅಧ್ಯಕ್ಷನ ಮನೆಗೆ ಹೋದಳು. ಕೈಯಲ್ಲಿ ಒಂದು ಕಾಗದ. ಅದರಲ್ಲಿ ಹಳದಿಯಿಂದ ನೀಲಿಗೆ, ಕೆಂಪಿನಿಂದ ನೀಲಿಗೆ, ಹಳದಿಯಿಂದ ಕೆಂಪಿಗೆ ಎಂದು ಮೂರು ಪಟ್ಟಿ ಅಚ್ಚು ಮಾಡಿಕೊಂಡಿದ್ದಳು. ಅವನು ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ಕೂರು ಅನ್ನಲಿಲ್ಲ.

“ಅಣ್ಣ, ಎರಡು ಬಣ್ಣ ಸೇರೋ ಜಾಗದಲ್ಲಿ ಮೂರನೇದು ತಾನಾಗೇ ಬರುತ್ತೆ. ನಾನು ಹಾಕಿದ್ದಲ್ಲ. ನೋಡಿ ಇಲ್ಲಿ.”

“ತಾನಾಗೇ ಬರೋದು ಕೆಮ್ಮು, ನೆಗಡಿ,” ಅಂದ ಅವನು.

ಒಳಗಿನಿಂದ ಅವನ ಹೆಂಡತಿ, “ಹೌದಲ್ಲ ರೀ, ಎರಡೂ ಕಲಸಿದ್ರೆ ಹಸಿರೇ ಅಲ್ವಾ,” ಅಂದಳು.

“ನೀನು ಸುಮ್ಮನಿರು.” ಅವನು ಕಾಗದವನ್ನು ಮುಟ್ಟದೆ ಅವಳ ಮುಖ ನೋಡಿದ. ದನಿ ಏರಿಸಲಿಲ್ಲ. “ನಂಗೂ ಗೊತ್ತು ತಂಗಿ. ಹಳದಿ ನೀಲಿ ಸೇರಿದ್ರೆ ಹಸಿರು ಅಂತ ಒಂದನೇ ಕ್ಲಾಸಿನ ಮಗೂಗೂ ಗೊತ್ತು. ಅದಕ್ಕೇ ಕೇಳ್ತಿದೀನಿ. ಗೊತ್ತಿದ್ದೂ ಯಾಕೆ ಸೇರಿಸಿದೆ?”

ಚೆನ್ನಾಗಿ ಕಂಡಿತು ಅಂತ ಹೇಳುವುದು ಹೇಗೆ? ಕಾಗದವನ್ನು ಮಡಿಚಿಕೊಂಡು ಬಂದಳು.

ಮನೆಯಲ್ಲಿ ಫಿಟ್ಟರ್ ಅವಳನ್ನು ಒಂದೇ ಮಾತು ಕೇಳಿದ. “ಅದು ನಿಂಗೆ ಕಾಣಿಸಿತ್ತಾ?”

ಸುಳ್ಳು ಹೇಳಬಹುದಿತ್ತು. “ಕಾಣಿಸಿತ್ತು ರೀ. ಚೆನ್ನಾಗಿದೆ ಅನ್ನಿಸ್ತು. ಬೇರೇನೂ ಅನ್ನಿಸಲಿಲ್ಲ,” ಅಂದಳು.

ಅವನು “ಚೆನ್ನಾಗೇ ಇತ್ತು,” ಅಂದು ಕೈತೊಳೆಯಲು ಎದ್ದ.

ಅಧ್ಯಕ್ಷ ಬೆರಳೆಣಿಕೆಯ ಮತಗಳಲ್ಲಿ ಸೋತ. ಸೋಲಿಗೆ ಕಾರಣ ನೂರಿದ್ದಿರಬಹುದು. ಅಷ್ಟು ವರ್ಷ ಕುರ್ಚಿಗೆ ಅಂಟಿಕೊಂಡವನ ಮೇಲೆ ಜನಕ್ಕೆ ಬೇಸರ ಬಂದಿದ್ದೇನೂ ಗುಟ್ಟಲ್ಲ. ಆದರೆ ಸೋತವರಿಗೆ ತೋರಿಸಲು ಒಂದು ಮುಖ ಬೇಕಿತ್ತು, ಮತ್ತು ಆ ಮುಖ ದಿನವೂ ಅವರ ಜೊತೆಗೇ ಪಾಳಿಗೆ ಬರುತ್ತಿತ್ತು. ಹಸಿರಿನವರು ಎಷ್ಟು ಕೊಟ್ಟರು ಎಂದು ಕೆಲವರು ಫಿಟ್ಟರ್‌ನನ್ನು ಎದುರಿಗೇ ಕೇಳಿದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಅವನ ಜೊತೆ ಮಾತು ಬಿಡಬೇಕು ಎಂದು ಬಣದವರು ತೀರ್ಮಾನಿಸಿದರು. ಗೆದ್ದ ಹಸಿರಿನವರಂತೂ ಅವನನ್ನು ಕಂಡಾಗ ಕಣ್ಣು ಮಿಟುಕಿಸುತ್ತಿದ್ದರು. ಅದು ಇನ್ನೂ ಕೆಟ್ಟದಾಗಿತ್ತು.

ಅವನು ಊಟದ ಡಬ್ಬಿಯನ್ನು ಒಬ್ಬನೇ ಬಿಚ್ಚಿ, ಒಬ್ಬನೇ ಮುಚ್ಚಿ ತರುತ್ತಿದ್ದ. ಮನೆಯಲ್ಲಿ ಮಾತು ಮೊದಲೇ ಕಡಿಮೆ. ಈಗ ಬಾಯಿಗೆ ಬೀಗ ಬಿದ್ದಂತಾಯಿತು. ಸಾಲಿನ ಹೆಂಗಸರು ಅಕ್ಷರದಕ್ಕನನ್ನು ನಲ್ಲಿಯ ಹತ್ತಿರ ಕಂಡರೆ ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋಗುತ್ತಿದ್ದರು. ಅತ್ತೆ ಒಬ್ಬಳೇ ಮಾತಾಡುತ್ತಿದ್ದವಳು.

“ಒಂದು ಬಣ್ಣ ಬಳಿದಿದ್ರೆ ಆಗ್ತಿರಲಿಲ್ವಾ ಹುಡುಗಿ? ನಿಂಗೆ ಎರಡು ಬೇಕಿತ್ತಾ?”

ಅಚ್ಚು ವಿಭಾಗದಲ್ಲಿ ಫಿಟ್ಟರ್‌ಗೆ ಜೋಡಿಯಾಗಿ ಕೆಲಸ ಮಾಡುತ್ತಿದ್ದವನು ಲಂಬು. ಆಳು ಉದ್ದ, ಅದಕ್ಕೆ ಆ ಹೆಸರು. ಎಷ್ಟೋ ವರ್ಷದ ಜೋಡಿ, ಒಂದೇ ಬಣ. ಒಂದೇ ಡಬ್ಬಿಯಿಂದ ತಿಂದವರು. ಕಾದ ಅಚ್ಚನ್ನು ಚೈನ್‌ಪುಲ್ಲಿಗೆ ಸಿಕ್ಕಿಸಿ ಮೇಲಿನ ಕಂಬಿಯುದ್ದಕ್ಕೂ ತಳ್ಳಿ ತರುವುದು ಲಂಬುವಿನ ಕೆಲಸ. ಅದನ್ನು ಕೆಳಗೆ ಹಿಡಿದು ಕೂರಿಸುವುದು ಫಿಟ್ಟರ್ ಕೆಲಸ. ಫಿಟ್ಟರ್ ಬಗ್ಗಿಕೊಂಡೇ ಇರುತ್ತಾನೆ, ಮೇಲೆ ನೋಡಲಾಗುವುದಿಲ್ಲ. ಅಚ್ಚು ಹೊರಟಾಗ ಲಂಬು “ಬಂತೂ” ಎಂದು ಕೂಗಬೇಕು; ಕೂಗಿದರೆ ಇವನು ಪಕ್ಕಕ್ಕೆ ಸರಿಯುತ್ತಾನೆ. ಇದು ಯಾವ ಗೋಡೆಯ ಮೇಲೂ ಬರೆದ ನಿಯಮವಲ್ಲ. ಇಬ್ಬರ ಮಧ್ಯೆ ಬೆಳೆದ ರೂಢಿ.

ಮಾತು ಬಿಟ್ಟ ಮೇಲೂ ಲಂಬು ಕೂಗುತ್ತಿದ್ದ. ಆದರೆ ದಿನದಿಂದ ದಿನಕ್ಕೆ ಆ ಕೂಗು ಸಣ್ಣದಾಯಿತು. ಆಸುಪಾಸಿನಲ್ಲಿ ಬಣದವರಿದ್ದರೆ ಬರೀ ಕೆಮ್ಮುತ್ತಿದ್ದ, ಇಲ್ಲವೇ ಸರಪಳಿಯನ್ನು ಕಂಬಿಗೆ ತಾಗಿಸಿ ಸದ್ದು ಮಾಡುತ್ತಿದ್ದ. ಒಂದು ಮಧ್ಯಾಹ್ನ ಏನೂ ಮಾಡಲಿಲ್ಲ.

ಅಚ್ಚು ಫಿಟ್ಟರ್‌ನ ಭುಜಕ್ಕೆ ಬಡಿದು ಅವನನ್ನು ಯಂತ್ರಕ್ಕೆ ಒತ್ತಿಹಿಡಿಯಿತು. ಬಲಗೈ, ಎದೆ, ಕುತ್ತಿಗೆಯ ಒಂದು ಪಕ್ಕ ಬೆಂದುಹೋದವು.

ಆಸ್ಪತ್ರೆಯ ವಾರ್ಡಿನಲ್ಲಿ ಸುಟ್ಟಗಾಯದವರನ್ನು ಒಂದು ಮೂಲೆಯಲ್ಲಿ ಪರದೆ ಕಟ್ಟಿ ಮಲಗಿಸಿದ್ದರು. ಪಟ್ಟಿ ಬದಲಿಸುವಾಗ ಅವನು ಕಿರುಚುತ್ತಿರಲಿಲ್ಲ. ಹಲ್ಲು ಕಡಿಯುವ ಸದ್ದು ಪರದೆಯ ಈಚೆಗೆ ಕೇಳುತ್ತಿತ್ತು. ಅಕ್ಷರದಕ್ಕ ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಅಲ್ಲಿಗೇ ಒಂದು ದಿನ ಲಂಬು ಬಂದ. ಬಾಗಿಲ ಹತ್ತಿರ ಬಗ್ಗಿ ನಿಂತ.

“ಅತ್ತಿಗೆ.”

ಅವಳು ತಲೆಯೆತ್ತಿದಳು.

“ನಾನು ಕೂಗಲಿಲ್ಲ ಅತ್ತಿಗೆ.”

ಅವಳಿಗೆ ಅರ್ಥವಾಗಲಿಲ್ಲ. ಅವನು ಪೂರ್ತಿ ಹೇಳಿದ. ಬೇಕೆಂದೇ ಮಾಡಿದ್ದಲ್ಲ ಎಂದ. “ಅಚ್ಚು ಹೊರಟಿತು. ಬಾಯಿ ತೆರೆದೆ. ಹಿಂದುಗಡೆ ನಮ್ಮವರು ನಾಲ್ಕು ಜನ ನಿಂತಿದ್ರು. ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ಆಗಿಹೋಯ್ತು.” ಉದ್ದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ. ಆಮೇಲೆ ಇನ್ನೊಂದು ಮಾತು ಹೇಳಿದ. “ಇಷ್ಟು ದೂರ ಬರಬೇಕಾಗೇ ಇರಲಿಲ್ಲ. ಅಧ್ಯಕ್ಷರು ಒಂದು ದಾರಿ ಹೇಳಿದ್ರು. ನೀವು ಗೇಟಿಗೆ ಬಂದು, ಎಲ್ಲರ ಎದುರಿಗೆ, ತಪ್ಪಾಯ್ತು ಅಂದ್ರೆ ಸಾಕು, ಇದನ್ನ ಇಲ್ಲಿಗೇ ಬಿಡೋಣ ಅಂದ್ರು. ಇವನು ಒಪ್ಪಲಿಲ್ಲ.”

“ಇವರೇನಂದ್ರು?”

“ನನ್ನ ಹೆಂಡತಿ ತಪ್ಪು ಮಾಡಿಲ್ಲ, ಅಕ್ಷರ ಚೆನ್ನಾಗಿತ್ತು ಅಂದ. ಅಷ್ಟೇ ಅಂದ. ಹೊರಟುಹೋದ.”

ಅವಳು ಎದ್ದು ಪರದೆ ಸರಿಸಿ ಒಳಗೆ ಹೋದಳು. ಫಿಟ್ಟರ್ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆಯಲ್ಲಿರಲಿಲ್ಲ.

“ನನ್ನ ಯಾಕೆ ಕೇಳಲಿಲ್ಲ?” ಅಂದಳು. ದನಿ ಅವಳಿಗೇ ಗುರುತು ಸಿಗದಷ್ಟು ಗಡುಸಾಗಿತ್ತು. “ಗೇಟಿಗೆ ಬಂದು ನೂರು ಸಲ ಹೇಳ್ತಿದ್ದೆ. ನೆಲಕ್ಕೆ ಹಣೆ ಹಚ್ಚಿ ಹೇಳ್ತಿದ್ದೆ. ನನ್ನ ಬಾಯಿಂದ ಆಗಬೇಕಾದ ಮಾತು, ನನ್ನ ಒಂದು ಮಾತು ಕೇಳೋದಲ್ವಾ?”

“ಕೇಳಿದ್ರೆ ನೀನು ಒಪ್ಪಿಬಿಡ್ತಿದ್ದೆ,” ಅಂದ ಅವನು. “ಅದಕ್ಕೇ ಕೇಳಲಿಲ್ಲ.”

ಅವಳಿಗೆ ಅವನ ಮೇಲೆ ಬಂದಷ್ಟು ಸಿಟ್ಟು ಅಧ್ಯಕ್ಷನ ಮೇಲಾಗಲಿ, ಲಂಬುವಿನ ಮೇಲಾಗಲಿ ಬಂದಿರಲಿಲ್ಲ. ಬೆಂದ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡುವುದು? ಅವನ ಎಡಗೈ ಚೆನ್ನಾಗಿತ್ತು. ಅದನ್ನು ಹಿಡಿದುಕೊಂಡು, ಅದೇ ಕೈಗೆ ಒಂದೆರಡು ಸಲ ಹೊಡೆದಳು. ಅವನು ಹೊಡೆಸಿಕೊಂಡ. ಹೊರಗೆ ಲಂಬು ಇನ್ನೂ ನಿಂತಿದ್ದ.

“ಒಳಗೆ ಬಾರೋ,” ಅಂದ ಫಿಟ್ಟರ್, ಪರದೆಯ ಆಚೆಗೆ ಕೇಳುವಷ್ಟು. “ಇಲ್ಲಿ ನಿಮ್ಮ ಬಣದವರು ಯಾರೂ ಇಲ್ಲ. ಒಂದು ನರ್ಸಮ್ಮ ಇದಾಳೆ, ಅವಳು ಓಟು ಹಾಕಲ್ಲ.”

ಲಂಬು ಒಳಗೆ ಬಂದು ಮಂಚದ ಕಾಲು ಹಿಡಿದುಕೊಂಡು ಅತ್ತ. ಫಿಟ್ಟರ್ ಅವನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಕಂಬಿಯ ಗಾಲಿಗೆ ಎಣ್ಣೆ ಹಾಕಿದಾರಾ ಎಂದು ವಿಚಾರಿಸಿದ.

ಕಾರ್ಖಾನೆಯವರು ವಿಚಾರಣೆ ನಡೆಸಿದರು. ಒಂದು ಉದ್ದ ಮೇಜು, ಮೂವರು ಅಧಿಕಾರಿಗಳು, ತಿರುಗುವಾಗ ಕಿರುಗುಟ್ಟುವ ಫ್ಯಾನು. ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಫಿಟ್ಟರ್ ಕುರ್ಚಿಯ ತುದಿಯಲ್ಲಿ ಕೂತಿದ್ದ, ಬೆನ್ನು ಒರಗಿಸಲಾಗುತ್ತಿರಲಿಲ್ಲ. ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಲು ಬಿಟ್ಟಿದ್ದರು. ಅವಳಿಗೆ ಒಂದು ನಂಬಿಕೆ ಇತ್ತು: ಆಸ್ಪತ್ರೆಯಲ್ಲಿ ಅಷ್ಟು ಅತ್ತವನು ಇಲ್ಲಿ ಇದ್ದದ್ದನ್ನು ಹೇಳುತ್ತಾನೆ.

ಲಂಬುವನ್ನು ಕರೆದು ಕೇಳಿದರು.

“ಕೂಗಿದೆ ಸಾರ್,” ಅಂದ ಅವನು, ಮೇಜಿನ ಮೇಲಿನ ನೀರಿನ ಲೋಟವನ್ನೇ ನೋಡುತ್ತಾ. “ಬಂತೂ ಅಂತ ಜೋರಾಗಿ ಕೂಗಿದೆ. ಸದ್ದಲ್ಲಿ ಅವನಿಗೆ ಕೇಳಿಸಲಿಲ್ಲ ಅನ್ಸುತ್ತೆ.”

“ಸುಳ್ಳು!” ಅಂದಳು ಅಕ್ಷರದಕ್ಕ ಬಾಗಿಲಿನಿಂದ.

ಒಬ್ಬ ಅಧಿಕಾರಿ ತಲೆಯೆತ್ತಿ, “ನೀವು ಅಲ್ಲಿದ್ರಾ ಅಮ್ಮಾ?” ಅಂದ. ಕೆಟ್ಟ ದನಿಯಲ್ಲೇನೂ ಅಲ್ಲ. ಅವಳು ಅಲ್ಲಿರಲಿಲ್ಲ. ಲಂಬುವಿನ ಹಿಂದೆ ನಿಂತಿದ್ದ ನಾಲ್ವರೂ ಒಬ್ಬೊಬ್ಬರಾಗಿ ಬಂದು ಕೂಗು ಕೇಳಿಸಿತು ಎಂದರು. ಕೂಗಿಲ್ಲ ಎಂದರೆ ಲಂಬುವಿನ ಕೆಲಸ ಹೋಗುತ್ತಿತ್ತು. ಯಾಕೆ ಕೂಗಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅದರ ಬಾಲ ಹಿಡಿದು ಹೋದರೆ ಎಲ್ಲರ ಮನೆ ಬಾಗಿಲಿಗೂ ಬರುತ್ತಿತ್ತು. ಫಿಟ್ಟರ್‌ನನ್ನು ಕೇಳಿದಾಗ ಅವನು, “ನಂಗೆ ಕೇಳಿಸಲಿಲ್ಲ,” ಅಂದ. ಅದು ಸುಳ್ಳಲ್ಲ. ಅವನದೇ ಅಜಾಗರೂಕತೆ ಎಂದು ತೀರ್ಪಾಯಿತು. ಗೇಟಿನಲ್ಲಿ ಕೂತು ಬರುವ ಹೋಗುವ ಲಾರಿ ನೋಡಿಕೊಳ್ಳುವ ಕೆಲಸ ಕೊಟ್ಟು, ಮನೆಯನ್ನು ಉಳಿಸಿದರು.

ದಾರಿಯುದ್ದಕ್ಕೂ ಅವಳು ಹಲ್ಲು ಕಡಿಯುತ್ತಾ ನಡೆದಳು. ಮನೆಯ ಹತ್ತಿರ ಬಂದಾಗ ಅವನು, “ಹಾಗಾದ್ರೆ ನಾನು ಕಿವುಡ ಅಂತ ಸರ್ಕಾರಿ ಲೆಕ್ಕದಲ್ಲಿ ಖಾತ್ರಿ ಆಯ್ತು,” ಅಂದ. ಅಂದಿನಿಂದ ಅವಳು ಕರೆದಾಗೆಲ್ಲ ಕಿವಿಗೆ ಕೈಯಿಟ್ಟು, “ಹಾಂ? ಏನಂದೆ?” ಅನ್ನುತ್ತಿದ್ದ. ಮೊದಮೊದಲು ಅವಳಿಗೆ ನಗು ಬರುತ್ತಿರಲಿಲ್ಲ. ಕೊನೆಗೆ ಬಂತು.

ಅವಳು ಗ್ರೇಡಿಯೆಂಟ್ ಮಾಡುವುದನ್ನು ಬಿಟ್ಟಳು ಅಂತ ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಆದರೆ ಬಿಡಲಿಲ್ಲ. ಪ್ರೆಸ್ಸಿನ ಯಜಮಾನ ಕೆಲವು ತಿಂಗಳು ದೂರ ಇಟ್ಟು, ಬೇರೆ ದಾರಿಯಿಲ್ಲದೆ ಮತ್ತೆ ಕೆಲಸ ಕಳಿಸಿದ. ಅವಳು ಮಾಡಿದಳು. ಕಂಪ್ಯೂಟರಿನ ಮುಂದೆ ಕೂತರೆ ಬೇರೆಲ್ಲ ಮರೆಯುತ್ತಿತ್ತು. ಆ ಹೊತ್ತು ಮಾತ್ರ ಎದೆಯ ಮೇಲಿನ ಕಲ್ಲು ಇಳಿದಂತಾಗುತ್ತಿತ್ತು. ಅದಕ್ಕಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಗಂಡನ ಮೈ ಸುಡಿಸಿದ ಕೆಲಸದಲ್ಲಿ ಮನಸ್ಸಿಗೆ ತಂಪು ಸಿಗುತ್ತದೆಂದರೆ ತಾನು ಎಂಥ ಹೆಂಗಸು ಎಂದುಕೊಳ್ಳುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಬಹಳ ವರ್ಷದ ಮೇಲೆ ಅತ್ತೆಗೆ ಒಮ್ಮೆ ಹೇಳಿದಳಂತೆ.

ಗೇಟಿನ ಪಾಳಿ ಮುಗಿಸಿ ಬಂದು ಫಿಟ್ಟರ್ ಅವಳ ಕುರ್ಚಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಬಲಗೈ ಮೊಣಕೈಯಲ್ಲಿ ಅಂಟಿಹೋಗಿ ಮರದ ಕೊಂಬೆಯಂತೆ ನಿಂತಿತ್ತು. ಎಡಗೈಯನ್ನು ಕುರ್ಚಿಯ ಬೆನ್ನಿನ ಮೇಲಿಟ್ಟು ಪರದೆ ನೋಡುತ್ತಿದ್ದ. “ಆ ದೀರ್ಘ ಸ್ವಲ್ಪ ಕುಡಿದವನ ಥರ ವಾಲಿದೆ” ಅನ್ನುತ್ತಿದ್ದ. ಮದುವೆಯಾಗಿ ಅಷ್ಟು ವರ್ಷದಲ್ಲಿ ಆಡದಷ್ಟು ಮಾತನ್ನು ಅವರು ಮುಂದಿನ ಮೂರು ವರ್ಷದಲ್ಲಿ ಆಡಿದರು. ಆದರೆ ಗೇಟಿನಲ್ಲಿ ತಪ್ಪೊಪ್ಪುವ ಮಾತು, ಅವಳನ್ನು ಕೇಳದೇ ಬಿಟ್ಟ ಮಾತು ಎರಡೂ ಮತ್ತೆ ಬರಲಿಲ್ಲ. ಅವಳಿಗೆ ಕೇಳಬೇಕೆನಿಸುತ್ತಿತ್ತು: ನನಗಾಗಿ ಮಾಡಿದ್ದೋ, ನಿಮ್ಮ ಮರ್ಯಾದೆಗಾಗಿ ಮಾಡಿದ್ದೋ? ಕೇಳಿದರೆ ಅವನು ಕಿವಿಗೆ ಕೈಯಿಡುತ್ತಾನೆ ಎಂದು ಗೊತ್ತಿತ್ತು.

ಎದೆಯ ಗಾಯ ಪೂರ್ತಿ ಮಾಯಲೇ ಇಲ್ಲ. ಚರ್ಮ ಬಿರಿಯುವುದು, ಕೀವಾಗುವುದು, ಜ್ವರ ಬರುವುದು, ಆಸ್ಪತ್ರೆ, ಮತ್ತೆ ಮನೆ. ನಾಲ್ಕನೇ ವರ್ಷ ಬಂದ ಜ್ವರ ಇಳಿಯಲಿಲ್ಲ. ಕೊನೆಯ ದಿನಗಳಲ್ಲಿ ಅವನಿಗೆ ಪ್ರಜ್ಞೆ ಹೋಗಿಬಂದು ಆಗುತ್ತಿತ್ತು. ಒಂದು ಬೆಳಿಗ್ಗೆ ಅವಳು ತುಟಿ ಒದ್ದೆ ಮಾಡುತ್ತಿದ್ದಾಗ ಕಣ್ಣು ಬಿಟ್ಟು, “ಸರಿ, ಸರಿ, ಪಕ್ಕಕ್ಕೆ ಸರಿ,” ಅಂದ. ಅವಳು ಸರಿದಳು. ಯಾಕೆ ಸರಿದೆನೋ ಎಂದು ಆಮೇಲೆ ಅತ್ತಳು. ಮಧ್ಯಾಹ್ನದೊಳಗೆ ಹೋದ.

ಸಾಲಿನವರೆಲ್ಲ ಬಂದರು. ನಲ್ಲಿಯ ಹತ್ತಿರ ಮುಖ ತಿರುಗಿಸುತ್ತಿದ್ದ ಹೆಂಗಸರು ಅವಳ ಬೆನ್ನು ಸವರಿದರು. ಹಳೆಯ ಅಧ್ಯಕ್ಷನೂ ಬಂದ. ಈಚೆಗಿನ ಚುನಾವಣೆಯಲ್ಲಿ ಗೆದ್ದು ಅವನು ಮತ್ತೆ ಅಧ್ಯಕ್ಷನಾಗಿದ್ದ. ಕೈ ಮುಗಿದು ಒಂದು ನಿಮಿಷ ನಿಂತು ಹೋದ. ಹೊರುವ ಹೊತ್ತಿಗೆ ಮುಂದುಗಡೆ ಎಡಕ್ಕೆ ಲಂಬು ಬಂದು ನಿಂತ. ಅವನು ಉದ್ದ; ಉಳಿದ ಮೂವರು ಗಿಡ್ಡ. ಹೆಗಲು ಸಮವಾಗಲಿಲ್ಲ. ಅವನು ಮಂಡಿ ಬಗ್ಗಿಸಿ ಬಗ್ಗಿಸಿ ನಡೆದ. ನೀನು ಮುಟ್ಟಬೇಡ ಎನ್ನುವ ಮಾತು ಅಕ್ಷರದಕ್ಕನ ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ಅವಳ ಮುಂಗೈ ಹಿಡಿದು ಅದುಮಿದಳು.

“ಹೊರಲಿ ಬಿಡು,” ಅಂದಳು ಅತ್ತೆ. “ಭಾರ ಅವನಿಗೂ ಗೊತ್ತಾಗಲಿ.”

ತಿಂಗಳೊಳಗೆ ಕಾರ್ಖಾನೆಯ ಮನೆ ಖಾಲಿ ಮಾಡಬೇಕಾಯಿತು. ಅತ್ತೆಗೆ ಬೇರೆ ಊರಿನಲ್ಲಿ ಮಗಳಿದ್ದಳು, ಸ್ಥಿತಿವಂತೆ. ಅವ್ವನನ್ನು ಕರೆದೊಯ್ಯಲು ಕಾರು ತಂದಿದ್ದಳು. ಬಟ್ಟೆಯ ಗಂಟು ಕಟ್ಟಿ ಆಗಿತ್ತು. ಮುದುಕಿ ಕಾರಿನ ಬಾಗಿಲವರೆಗೆ ಹೋಗಿ, ಒಳಗೆ ಬಗ್ಗಿ ನೋಡಿ, ತಿರುಗಿ ಬಂದು ಜಗಲಿಯ ಮೇಲೆ ಕೂತುಬಿಟ್ಟಳು.

“ಏನವ್ವ ಇದು?” ಅಂದಳು ಮಗಳು.

“ನಿನ್ನ ಮನೇಲಿ ಎಲ್ಲ ಒಳ್ಳೆಯವರು. ಬೆಳಗಿಂದ ಸಂಜೆತನಕ ನಾನು ಯಾರನ್ನ ಬೈಯಲಿ?” ಅಂದಳು ಅತ್ತೆ. “ಹೋಗು ನೀನು.”

ಈಗ ಅವರಿಬ್ಬರೂ ಮಾರುಕಟ್ಟೆಯ ಹಿಂದೆ, ಪ್ರೆಸ್ಸಿನ ಮೇಲಿನ ಒಂದೇ ಕೋಣೆಯಲ್ಲಿದ್ದಾರೆ. ಕೆಳಗೆ ಯಂತ್ರ ಓಡುವಾಗ ನೆಲ ಅದುರುತ್ತದೆ. ಅಕ್ಷರದಕ್ಕ ಬೆಳಿಗ್ಗೆ ಕೆಳಗಿಳಿದು ಹೋಗಿ ಯಜಮಾನನ ಹೊಸ ಕಂಪ್ಯೂಟರಿನಲ್ಲಿ ಅಕ್ಷರ ಮಾಡುತ್ತಾಳೆ, ಮಧ್ಯಾಹ್ನ ಮೇಲೆ ಬಂದು ಅತ್ತೆಗೆ ಉಣಿಸುತ್ತಾಳೆ. ಅತ್ತೆಗೆ ಕಣ್ಣು ಪೂರಾ ಹೋಗಿದೆ. ಆದರೂ ಸೊಸೆ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದರೆ, “ಇವತ್ತು ಯಾವ ಬಣ್ಣ ಹಚ್ಚಿ ಯಾರ ಮನೆ ಹಾಳು ಮಾಡಿದೆ ಹುಡುಗಿ?” ಎಂದು ಕೇಳುತ್ತಾಳೆ. ಬೇರೆ ಯಾರಾದರೂ ಆ ಮಾತು ಆಡಿದ್ದರೆ ಅವಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅತ್ತೆಗೆ ಮಾತ್ರ ಒಂದೊಂದನ್ನೂ ಬಿಡದೆ ಹೇಳುತ್ತಾಳೆ, ತುತ್ತು ಕಲಸುತ್ತಾ: ಟೈಲರ್ ಅಂಗಡಿಗೆ ನೇರಳೆ, ಕೆಳಗೆ ಹೋಗ್ತಾ ಗುಲಾಬಿ; ಹಲ್ಲಿನ ಡಾಕ್ಟರಿಗೆ ಬಿಳಿಯಿಂದ ನೀಲಿ. ಮುದುಕಿ ಬಾಯಿ ತೆರೆದು ಕೇಳುತ್ತಿರುತ್ತಾಳೆ.